ಖಾಲಿ ಗೋಡೆಯ ಕಡೆಗೆ

ಭೂಕಂಪಕ್ಕೆ ಚರ್ಚಿನ ಗುಮ್ಮಟ ಬಿರುಕು ಬಿಟ್ಟಿತು. ಪಾದ್ರಿ ನಾಯ್ದೆನ್ ಬಾಗಿಲಿಗೆ ಬೀಗ ಜಡಿದು ಆರಾಧನೆಯನ್ನು ಊರಿನ ವಾಚನಮಂದಿರಕ್ಕೆ ತಂದರು. ಪವಿತ್ರ ಚಿತ್ರಪಟಗಳೆಲ್ಲ ದುರಸ್ತಿಗೆಂದು ಪ್ಲೋವ್‌ದಿವ್ ಪೇಟೆಗೆ ಹೋದವು. ವಾಚನಮಂದಿರದಲ್ಲಿ ಇದ್ದದ್ದು ಸುಣ್ಣ ಬಳಿದ ಗೋಡೆ ಮತ್ತು ಒಂದು ಕಬ್ಬಿಣದ ಒಲೆ, ಅಷ್ಟೆ.

ಬರಿಗೋಡೆಗೆ ಹೇಗೆ ಕೈ ಮುಗಿಯುವುದು ಎಂದು ಜನ ಗೊಣಗಿದರು. ಪಾದ್ರಿ ಬೇಸರ ಮಾಡಿಕೊಳ್ಳಲಿಲ್ಲ.

“ಚಿತ್ರಗಳಿಗೆ ಧೂಪ ಹಾಕಿದ ಮೇಲೆ ನಿಮ್ಮ ಕಡೆಗೂ ತಿರುಗಿ ಹಾಕ್ತೀನಲ್ಲ, ಯಾಕೆ ಅಂತ ಒಬ್ರಾದ್ರೂ ಕೇಳಿದ್ರಾ?”

“ಸೊಳ್ಳೆ ಓಡಿಸೋಕೆ ಅಂದ್ಕೊಂಡಿದ್ವಿ,” ಎಂದ ಮುದುಕ ಗಾಂಚೋ.

“ಆತ ವಾಸ ಮಾಡೋದು ಗೋಡೇಲಲ್ಲ ಕಣಯ್ಯಾ. ನಿಮ್ಮೊಳಗೆ. ಅದಕ್ಕೇ ನಿಮಗೂ ಧೂಪ.”

ಜನರ ನಡುವೆ ನಿಂತಿದ್ದ ವೆಲಿಕಾ ಈ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಹೋದಳು. ಗಾಂಚೋನೊಳಗೆ ದೇವರಿದ್ದಾನೆ ಎಂದರೆ ಒಪ್ಪಬಹುದು. ಆದರೆ ದೋಬ್ರಾಳೊಳಗೆ? ಹಾಗಿದ್ದರೆ ದೇವರು ಬೇರೆ ಮನೆ ನೋಡಿಕೊಳ್ಳುವುದು ಒಳ್ಳೆಯದು.

ದೋಬ್ರಾ ಅವಳ ಅಣ್ಣನ ಹೆಂಡತಿ. ಅಣ್ಣ ತೀರಿಹೋಗಿ ನಲವತ್ತನೆಯ ದಿನ ಅವನ ನೆನಪಿಗೆ ಹಂಚುವ ಗೋಧಿಯನ್ನು ದೋಬ್ರಾ ಪಕ್ಕದ ಮನೆಯವಳಿಂದ ಬೇಯಿಸಿಕೊಂಡಿದ್ದಳು. ಒಡಹುಟ್ಟಿದ ತಂಗಿಯನ್ನು ಒಂದು ಮಾತೂ ಕೇಳಿರಲಿಲ್ಲ. ಅಂದಿನಿಂದ ಮಾತಿಲ್ಲ. ಅವಳ ಮುಂದೆ ತನ್ನ ತಲೆ ಬಗ್ಗುವುದಾದರೆ ಹೆಣದ ಪೆಟ್ಟಿಗೆಯಲ್ಲೇ ಎಂದು ವೆಲಿಕಾ ಊರಿಗೆಲ್ಲ ಕೇಳುವಂತೆ ಹೇಳಿದ್ದಳು.

ಮುಂದಿನ ಭಾನುವಾರ ಅವಳು ತುಸು ತಡವಾಗಿ ಬಂದಳು. ಕೈಯಲ್ಲಿ ಮೇಣದಬತ್ತಿ, ಕಣ್ಣು ನೆಲದ ಮೇಲೆ, ಸುತ್ತ ಸಾಂಬ್ರಾಣಿ ಹೊಗೆ. ಚರ್ಚಿನಲ್ಲಿ ದೇವಮಾತೆಯ ಚಿತ್ರ ಎಡಗಡೆಗಿತ್ತು. ಕಾಲು ತಾವಾಗಿಯೇ ಎಡಕ್ಕೆ ಹೋದವು. ಶಿಲುಬೆಯ ಗುರುತು ಹಾಕಿಕೊಂಡು, ಸೊಂಟ ಬಗ್ಗಿಸಿ, ಬೆರಳಿನಿಂದ ನೆಲ ಮುಟ್ಟಿದಳು. ಕಣ್ಣೆದುರಿಗೆ ಎರಡು ಕರಿಯ ಉಣ್ಣೆಯ ಕಾಲುಚೀಲ, ಪಕ್ಕದಲ್ಲಿ ಒಂದು ಊರುಗೋಲು ಕಂಡವು.

ಕಾಲುನೋವಿನ ದೋಬ್ರಾ ಆ ಗೋಡೆಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

ಹಾಡು ನಿಲ್ಲಲಿಲ್ಲ, ಆದರೆ ಸಣ್ಣದಾಯಿತು. ವೆಲಿಕಾ ತಲೆಯೆತ್ತುವಷ್ಟರಲ್ಲಿ ದೋಬ್ರಾ ಕೋಲೂರಿ ಎದ್ದು ನಿಂತು, ಕ್ಷಮೆ ಕೇಳಿದವರಿಗೆ ಹೇಳುವ ಮಾತನ್ನು ಹೇಳಿಯೇಬಿಟ್ಟಳು:

“ದೇವರು ಕ್ಷಮಿಸಲಿ. ನಾನೂ ಕ್ಷಮಿಸಿದೀನಿ.”

ವೆಲಿಕಾಳ ಕಿವಿ ಕೆಂಪಾದವು. ಆರಾಧನೆ ಮುಗಿಯುವವರೆಗೂ ಪ್ರಾರ್ಥನೆಯ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ಸುಮ್ಮನಿದ್ದರೆ ಸುಳ್ಳನ್ನು ಇಟ್ಟುಕೊಂಡಂತೆ; ಬಾಯಿ ಬಿಟ್ಟರೆ ಕ್ಷಮೆಯನ್ನು ಮುಖಕ್ಕೆ ಎಸೆದಂತೆ. ಕೊನೆಗೆ ಸುಳ್ಳಿಗೇ ಹೆಚ್ಚು ಹೆದರಿ, ಹೊರಬಾಗಿಲಲ್ಲಿ ದೋಬ್ರಾಳನ್ನು ತಡೆದು ನಿಲ್ಲಿಸಿದಳು.

“ಅತ್ತಿಗೆ, ನಾನು ಬಗ್ಗಿದ್ದು ನಿಂಗಲ್ಲ. ಅಲ್ಲಿ ದೇವಮಾತೆ ಇರ್ತಿದ್ಲು. ಅಭ್ಯಾಸ.”

“ಗೊತ್ತು ಕಣೇ. ನಿನ್ನ ಸೊಂಟಕ್ಕೆ ನನ್ನ ಮೇಲೆ ಪ್ರೀತಿ ಎಲ್ಲಿಂದ ಬರ್ಬೇಕು?” ದೋಬ್ರಾ ಮೆಟ್ಟಿಲ ಮೇಲೆ ಕೋಲು ಊರಿದಳು. “ಆದ್ರೂ ಕ್ಷಮಿಸಿ ಆಗಿದೆ, ವಾಪಸ್ ತಗೊಳ್ಳೋಕಾಗಲ್ಲ. ಆ ಗೋಧಿ... ನಿನ್ನ ಮುಖ ಥೇಟ್ ನಿನ್ನಣ್ಣಂದೇ. ನೋಡೋಕೆ ಧೈರ್ಯ ಬರ್ಲಿಲ್ಲ, ಅದಕ್ಕೆ ನಿನ್ನ ಕರೀಲಿಲ್ಲ.”

ಕೋಲೂರುತ್ತ ಮೆಟ್ಟಿಲಿಳಿದು ಹೋದಳು.

ಆ ವಾರವಿಡೀ ವೆಲಿಕಾ ಹಿಟ್ಟು ನಾದುವಾಗಲೂ ಕೋಳಿಗೆ ಕಾಳು ಹಾಕುವಾಗಲೂ ಆ ಮಾತನ್ನೇ ತಿರುವಿ ಹಾಕಿದಳು. ಒಂದೆರಡು ಸಲ ಕನ್ನಡಿಯನ್ನೂ ನೋಡಿಕೊಂಡಳು.

ಭಾನುವಾರ ದೋಬ್ರಾ ಜಾಗ ಬದಲಿಸಿ ಒಲೆಯ ಪಕ್ಕ ಕೂತಿದ್ದಳು. ವೆಲಿಕಾಳ ಕಾಲು ಎಂದಿನಂತೆ ಎಡಕ್ಕೆ ಹೋಗಿ, ಖಾಲಿ ಗೋಡೆಯ ಮುಂದೆ ನಿಂತವು. ಜನ ನೋಡುತ್ತಿದ್ದರು. ಮಾಡಹೊರಟಿರುವುದು ಸರಿಯೋ, ಬರೀ ನಾಟಕವೋ ಅವಳಿಗೆ ತಿಳಿಯಲಿಲ್ಲ. ಒಲೆಯ ಕಡೆಗೆ ತಿರುಗಿ ನಡೆದಳು. ಕಣ್ಣು ಬಿಟ್ಟುಕೊಂಡೇ ಬಗ್ಗಿ, ನೆಲ ಮುಟ್ಟಿದಳು.

“ಇವತ್ತು ಯಾರಿಗೆ?” ದೋಬ್ರಾ ಪಿಸುಗುಟ್ಟಿದಳು.

“ನೋಡ್ಕೊಂಡೇ ಬಂದಿದೀನಿ. ಏಳು, ಧೂಪ ಬಂತು.”

ವೆಲಿಕಾ ಅವಳ ತೋಳು ಹಿಡಿದು ಎಬ್ಬಿಸಿದಳು. ಅತ್ತಿಗೆಯೊಳಗೆ ಆತ ಇದ್ದಾನೆಂದು ಅವಳಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ, ತನ್ನೊಳಗಂತೂ ಸಂಶಯವೇ. ಪಾದ್ರಿ ಬಂದು ಇಬ್ಬರ ಕಡೆಗೂ ಧೂಪದಾನಿ ಬೀಸಿದರು. ಇಬ್ಬರೂ ತಲೆ ಬಾಗಿಸಿದರು.