ಬೀಗವಿಲ್ಲದ ‘ನಿಲ್ಲು’

ನಾಟಕಮಂದಿರದಲ್ಲಿ ಪರದೆಗಳನ್ನೂ ನಟರನ್ನೂ ಮೇಲೆತ್ತುವ ಹಗ್ಗದ ಯಂತ್ರಕ್ಕೆ ಆಜ್ಞೆ ಕೊಡಲು ಪುಟ್ಟದೊಂದು ಕಂಪ್ಯೂಟರ್ ಭಾಷೆಯನ್ನು ಕಟ್ಟಿಕೊಟ್ಟವಳು ಅಕ್ಕ. ‘ಏರಿಸು’, ‘ಇಳಿಸು’, ‘ನಿಲ್ಲು’ ಎಂದು ಬರೆದರೆ ಸಾಕು, ಯಂತ್ರ ಕೇಳುತ್ತಿತ್ತು. ಬಳಸುವವರೇ ಹೊಸ ಆಜ್ಞೆ ಸೇರಿಸಬಹುದು, ಹಳೆಯದಕ್ಕೂ ತಮಗೆ ಬೇಕಾದ್ದನ್ನು ಅಂಟಿಸಬಹುದು. "ನನ್ನ ಭಾಷೇಲಿ ಯಾವುದಕ್ಕೂ ಬೀಗ ಇಲ್ಲ" ಎಂದು ಆರು ವರ್ಷ ಬೆನ್ನು ತಟ್ಟಿಕೊಂಡದ್ದೇ ತಟ್ಟಿಕೊಂಡದ್ದು. ಅಂಥ ಬುದ್ಧಿವಂತೆ!

ಅವತ್ತು ಬೆಳಿಗ್ಗೆ ತಂಗಿಯ ತಾಲೀಮು ನೋಡಲು ಬಂದಿದ್ದಳು. ತಂಗಿ ಹಗ್ಗದಲ್ಲಿ ನೇತಾಡುತ್ತ ಅಭಿನಯಿಸುವವಳು. ಯಂತ್ರದ ಮುಂದೆ ಅದನ್ನು ನಡೆಸುವ ಹಗ್ಗದ ಮಾಮ ಕೂತಿದ್ದರು. ಹಿಂದಿನ ದಿನ ಪರದೆಗೆಂದು ಇಟ್ಟ ಎತ್ತರವನ್ನು ಬದಲಿಸಲು ಮರೆತು ‘ಏರಿಸು’ ಎಂದುಬಿಟ್ಟರು. ತಂಗಿ ತನ್ನ ಗುರುತು ದಾಟಿ, ಕಬ್ಬಿಣದ ತೊಲೆಯತ್ತ ಏರಿದಳು.

ಮಾಮ ಕೆಂಪು ಗುಂಡಿ ಒತ್ತಿದರು. ಅದು ಮಾಡುವುದೂ ಇಷ್ಟೇ, ‘ನಿಲ್ಲು’ ಎಂಬ ಆಜ್ಞೆಯನ್ನು ಕರೆಯುವುದು. ಗಂಟೆ ಹೊಡೆಯಿತು. ದೀಪ ಹತ್ತಿತು. ಹಗ್ಗ ನಿಲ್ಲಲಿಲ್ಲ.

"ಯಾಕ್ ಮಾಮ ನಿಲ್ತಿಲ್ಲ?" ಅಕ್ಕ ಓಡಿಬಂದಳು.

"ಒತ್ತಿದೀನಮ್ಮ, ಕೇಳ್ತಾನೇ ಇಲ್ಲ!"

ಅಕ್ಕ ಯಂತ್ರದ ಕಂಪ್ಯೂಟರಿನಲ್ಲಿ ‘ನಿಲ್ಲು’ ಆಜ್ಞೆಯನ್ನು ಬಿಚ್ಚಿ ನೋಡಿದಳು. ಯಂತ್ರವನ್ನು ನಿಲ್ಲಿಸಲು ಅವಳು ಬರೆದ ಒಂದೇ ಒಂದು ಸಾಲು ತಳದಲ್ಲಿ ಬಿದ್ದಿತ್ತು; ಮೇಲಿನದೆಲ್ಲ ಮುಗಿದ ಮೇಲೇ ಅದರ ಸರದಿ. ಅದರ ಮೇಲೆ ಯಾರೋ ಗಂಟೆ ಸೇರಿಸಿದ್ದರು, ಇನ್ಯಾರೋ ದೀಪ. ಎಲ್ಲ ಒಳ್ಳೆಯ ಮನಸ್ಸಿನಿಂದಲೇ. ಮೂರನೆಯದು: ಹಗ್ಗ ತೂಗಾಡುತ್ತಿದ್ದರೆ, ತೂಗಾಟ ನಿಲ್ಲುವವರೆಗೆ ಕಾಯು. ಪಕ್ಕದಲ್ಲಿ ತಂಗಿಯದೇ ಹೆಸರು. ಗಕ್ಕನೆ ನಿಂತರೆ ಸೊಂಟ ಉಳುಕುತ್ತದೆಂದು ಹೋದ ತಿಂಗಳು ಗೊಣಗಿದ್ದಳಲ್ಲ! ಅಳಿಸಿ ಬರೆಯಲು ಹೊತ್ತಿರಲಿಲ್ಲ; ಅಕ್ಕ ತಲೆಯೆತ್ತಿದಳು. ಮೇಲೆ ತಂಗಿ ಹೆದರಿ ಕೈಕಾಲು ಬಡಿಯುತ್ತಿದ್ದಳು. ಬಡಿದಷ್ಟೂ ಹಗ್ಗ ತೂಗುತ್ತಿತ್ತು, ತೂಗಿದಷ್ಟೂ ಯಂತ್ರ ಕಾಯುತ್ತಿತ್ತು, ಕಾಯುತ್ತಲೇ ಮೇಲಕ್ಕೆಳೆಯುತ್ತಿತ್ತು.

"ಅಲ್ಲಾಡ್ಬೇಡ ಕಣೇ! ‘ನಿಲ್ಲು’ಗೆ ನೀನೇನ್ ಸೇರಿಸಿದ್ದೆ, ನೆನಪು ಮಾಡ್ಕೋ! ಸುಮ್ನೆ ನೇತಾಡು!"

ತಂಗಿ ಕಣ್ಣು ಮುಚ್ಚಿ ಹಗ್ಗವನ್ನು ಅವುಚಿಕೊಂಡಳು. ತೂಗಾಟ ಸಣ್ಣದಾಯಿತು. ಅವಳ ತಲೆಗೂ ತೊಲೆಗೂ ನಡುವೆ ಒಂದು ಗೇಣು ಉಳಿದಾಗ ಯಂತ್ರ ನಿಂತಿತು.

ಕೆಳಗಿಳಿದವಳೇ ಹಗ್ಗ ಬಿಚ್ಚಿಕೊಂಡಳು. "ಯಾರೂ ಮುಟ್ಟದ ಹಾಗೆ ‘ನಿಲ್ಲು’ಗೊಂದು ಬೀಗ ಹಾಕು ಅಕ್ಕಾ, ಈಗ್ಲೇ" ಎಂದಳು.

ಅಕ್ಕ ಕೀಲಿಮಣೆಯ ಮುಂದೆ ಕೂತಳು. ಹಾಕಲು ಬೀಗವೆಲ್ಲಿತ್ತು? ಅವಳು ಅದನ್ನು ಮಾಡಿಯೇ ಇರಲಿಲ್ಲ. ಇನ್ನೂ ಹದಿನಾಲ್ಕು ನಾಟಕಮಂದಿರಗಳಿಗೆ ಇದೇ ಭಾಷೆ ಕೊಟ್ಟಿದ್ದಳು. ಪ್ರತಿಯೊಂದರಲ್ಲೂ ‘ನಿಲ್ಲು’ ಅದರ ಪಾಡಿಗದು ಬೆಳೆದಿರುತ್ತದೆ. ಫೋನೆತ್ತಿ ಮೊದಲನೆಯ ಮಂದಿರಕ್ಕೆ ಮಾಡಿದಳು.

ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಲ್ಲೂ ಅದು ತಾಲೀಮಿನ ಹೊತ್ತು.