ರನ್‌ವೇ ಮೇಲೆ ಬಿದ್ದ ಪ್ಯಾರಾಚೂಟು

ವಿಮಾನವನ್ನೇ ಹತ್ತದ ನಾನು ಯುದ್ಧವಿಮಾನದ ಕತೆ ಹೇಳಲು ಹೊರಟಿದ್ದೇನೆ, ಕ್ಷಮಿಸಿ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೊಂದಕ್ಕೆ ಸೋವಿಯತ್ ಕಾಲದ ಮಿಗ್-21 ಅನ್ನು ನಾನೇ ರೂಪಿಸಿದ್ದೆ. ನಿಜದಂತಿದೆಯೋ ಇಲ್ಲವೋ ಎಂಬ ಅಳುಕಿನಿಂದ ಅದನ್ನು ಆ ಆಟ ಆಡುವ ಯಾರಿಗೂ ಕೊಟ್ಟಿರಲಿಲ್ಲ. ಕೊನೆಗೆ ಭಾರತೀನಗರಕ್ಕೆ ಹೋಗಿ ಮರಿಸಿದ್ದಯ್ಯ ದೊಡ್ಡಪ್ಪನಿಗೆ ತೋರಿಸಿದೆ. ಅವರು ವಾಯುಪಡೆಯಲ್ಲಿ ಇದೇ ವಿಮಾನಗಳನ್ನು ನೆಲದ ಮೇಲೆ ನೋಡಿಕೊಳ್ಳುತ್ತಿದ್ದವರು.

ತೆರೆಯ ಮೇಲೆ ವಿಮಾನ ಇಳಿಯಿತು. ವೇಗ ತಗ್ಗಿಸಲು ಬಾಲದಿಂದ ಪ್ಯಾರಾಚೂಟು ಬಿಚ್ಚಿಕೊಂಡಿತು. ಆಮೇಲೆ ಕಳಚಿ, ರನ್‌ವೇ ಮೇಲೆ ಬಿದ್ದು ಮಾಯವಾಯಿತು.

"ಎಲ್ಲೋಯ್ತ್ಲಾ ಅದು?" ದೊಡ್ಡಪ್ಪ ಎದ್ದೇ ನಿಂತರು. "ಎತ್ಕೊಂಡ್ ಬಂದು ಮಡಚೋದು ಬ್ಯಾಡ್ವಾ? ಇನ್ನೊಂದು ವಿಮಾನ ಇಳೀಬೇಕಲ್ಲ ಅಲ್ಲಿ!"

"ಮನೇಲಿ ಟವಲ್ ಎತ್ತಾಕಲ್ಲ, ಅಲ್ಲಿ ಪ್ಯಾರಾಚೂಟ್ ಎತ್ತೋರಂತೆ," ಎಂದರು ಮುದ್ದಮ್ಮ ದೊಡ್ಡಮ್ಮ.

ಮುಂದಿನ ವಾರ, ಪ್ಯಾರಾಚೂಟು ಎತ್ತಿಕೊಳ್ಳಲು ಓಡಿಬರುವ ಒಬ್ಬ ಮನುಷ್ಯನನ್ನು ಆಟಕ್ಕೆ ಸೇರಿಸಿಕೊಂಡು ಹೋದೆ.

"ಇವ್ನು ನಾನೇ ಕಣ್ಲಾ!" ದೊಡ್ಡಪ್ಪ ನಕ್ಕರು. "ಒಟ್ಟೆ ವಸಿ ಕಮ್ಮಿ ಮಾಡು, ಆಗ ಸಣ್ಣಕ್ಕಿದ್ದೆ. ಈಗ ಸರಿಯಾಯ್ತು, ಎಲ್ರಿಗೂ ಕೊಟ್ಬುಡು."

ಹೊಟ್ಟೆ ಕರಗಿಸಿ ಅಂದೇ ಕೊಟ್ಟೆ. ಒಳಗೆ ಕೂತು ಹಾರಿಸುವವರಿಗೆ ಆ ವಿಮಾನ ಹೇಗನಿಸುತ್ತಿತ್ತೋ, ಅದು ನನಗೂ ಗೊತ್ತಿಲ್ಲ, ದೊಡ್ಡಪ್ಪನಿಗೂ ಗೊತ್ತಿಲ್ಲ.