ಬಾಗಿದ ಕತ್ತಿನ ಸೌಟು

ನಾನು ಒಂದು ಸೌಟು. ಸಾಂಬಾರಿನ ಸೌಟು ಎಂದರೆ ಇನ್ನೂ ಸರಿ. ನನ್ನ ಬಟ್ಟಲು ಆಳ, ಹಿಡಿ ಉದ್ದ, ಹಿಡಿಯ ತುದಿಯಲ್ಲಿ ಪಾತ್ರೆಯ ಅಂಚಿಗೆ ಸಿಕ್ಕಿಸಲು ಒಂದು ಸಣ್ಣ ಕೊಕ್ಕೆ. ಕತ್ತು ಮಾತ್ರ ಹೊರಗಡೆಗೆ ವಾಲಿದೆ. ಅದು ಹುಟ್ಟಿನಿಂದ ಬಂದ ಊನವಲ್ಲ.

ಉಕ್ಕಿನ ತಗಡಿನಿಂದ ನನ್ನನ್ನು ಕತ್ತರಿಸಿದರು. ಒಂದು ಯಂತ್ರ ಒತ್ತಿ ಬಟ್ಟಲು ಮಾಡಿತು, ಇನ್ನೊಂದು ಹಿಡಿಯನ್ನು ಬೆಸೆಯಿತು. ಹೊಳಪು ಕೊಡುವ ಚಕ್ರದ ಮುಂದೆ ಕೂತಿದ್ದ ಹೆಂಗಸು ನನ್ನನ್ನು ತಿರುಗಿಸಿ ನೋಡಿದಳು. ನನ್ನ ಬಟ್ಟಲಿನಲ್ಲಿ ಅವಳ ಮುಖ ತಲೆಕೆಳಗಾಗಿ ಕಂಡಿತು. ಅವಳು ನಕ್ಕು ನನ್ನನ್ನು ಬುಟ್ಟಿಗೆ ಹಾಕಿದಳು. ಅಂದಿನಿಂದ ಮನುಷ್ಯರನ್ನು ನಾನು ತಲೆಕೆಳಗಾಗಿಯೇ ನೋಡುತ್ತ ಬಂದಿದ್ದೇನೆ.

ಮೊದಲು ನನ್ನನ್ನು ಕೊಂಡವರು ಮದುವೆ ಅಡುಗೆಯ ಮಹಾಲಿಂಗಯ್ಯ. ಅಲ್ಲಿ ಜನ ಸಾಲಾಗಿ ಕೂರುತ್ತಿದ್ದರು. ನಾನು ಬಕೆಟ್ಟಿನ ಜೊತೆ ಆ ಸಾಲಿನ ಉದ್ದಕ್ಕೂ ಓಡುತ್ತಿದ್ದೆ. ಸಾಕು ಎನ್ನುವವರು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಬಡಿಸುವವರು ಆ ಕೈಯ ಸಂದಿಯಿಂದಲೇ ಇನ್ನೊಂದಿಷ್ಟು ಸುರಿಯುತ್ತಿದ್ದರು. ಉಣ್ಣುವವರು ತಾವಾಗಿ ಪಾತ್ರೆಗೆ ಕೈ ಹಾಕಿದ್ದನ್ನು ನಾನು ಅಲ್ಲಿ ಕಂಡಿಲ್ಲ. ಬಡಿಸಿದವರು ಕೊನೆಯ ಪಂಕ್ತಿಗೆ ಕೂತಾಗ, ಮೊದಲು ಉಂಡಿದ್ದವರು ಯಾರಾದರೂ ಬಂದು ನನ್ನನ್ನು ಎತ್ತಿಕೊಳ್ಳುತ್ತಿದ್ದರು. ಹಾಗೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಮಹಾಲಿಂಗಯ್ಯನವರಿಗೆ ಮಂಡಿ ನೋವು ಹೆಚ್ಚಾಗಿ ಪಾತ್ರೆಗಳನ್ನೆಲ್ಲ ಮಾರಿಬಿಟ್ಟರು. ನಾನು ಹೆದ್ದಾರಿ ಪಕ್ಕದ ಒಂದು ಆಟದ ಪಾರ್ಕಿಗೆ ಬಂದೆ.

ಪಾರ್ಕಿನ ಬಫೆ ಹೋಟೆಲಿಗೆ ಗಾಜಿನ ಗೋಡೆ. ಹೊರಗೆ ನೀರಿನ ಜಾರುಬಂಡೆಗಳು, ದೊಡ್ಡ ತಿರುಗು ಚಕ್ರ, ಕಿರುಚಾಟ. ಒಳಗೆ ಬಿಸಿನೀರಿನ ಮೇಲೆ ಕೂತ ಪಾತ್ರೆಗಳ ಸಾಲು. ನನ್ನ ಜಾಗ ಸಾಂಬಾರಿನಲ್ಲಿ. ಜನ ಒದ್ದೆ ತಲೆಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬರುತ್ತಿದ್ದರು. ಈಜುಕೊಳದ ಔಷಧಿಯ ವಾಸನೆಯ ಕೈಗಳು ನನ್ನನ್ನು ಹಿಡಿದು, ತಳ ಕೆದಕಿ, ನುಗ್ಗೆಕಾಯಿ ಹುಡುಕಿ, ಕೈಬಿಟ್ಟು ಮುಂದೆ ಹೋಗುತ್ತಿದ್ದವು. ಯಾರೂ ನನ್ನನ್ನು ಒಂದೆರಡು ಉಸಿರಿಗಿಂತ ಹೆಚ್ಚು ಹಿಡಿದವರಲ್ಲ. ಕೆಲವರು ನನ್ನನ್ನು ಒಯ್ದು ಮೊಸರಿನಲ್ಲಿ ಅದ್ದಿಟ್ಟು ಹೋಗಿದ್ದೂ ಉಂಟು. ನನಗೆ ಬೇಸರವೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಬ್ಯಾಡಗಿ ಕಡೆಯ ಒಂದು ಕುಟುಂಬ ಬಂತು. ಮಗಳು ವಿಜಯಾ, ಅವಳ ಗಂಡ, ಮಕ್ಕಳು, ಜೊತೆಗೆ ವಿಜಯಾಳ ತಾಯಿ ನೀಲವ್ವ, ತಂದೆ ಗುರುಶಾಂತಪ್ಪ. ನೀಲವ್ವ ಖಾಲಿ ತಾಟು ಹಿಡಿದು ನನ್ನ ಎದುರು ನಿಂತು ಅತ್ತಿತ್ತ ನೋಡಿದಳು.

"ಬಡಸೋರು ಎಲ್ಲೆದಾರ?"

"ಇಲ್ಲಿ ಬಡಸೋರು ಇರಂಗಿಲ್ಲವ್ವ. ನಾವ ಹಾಕ್ಕೋಬೇಕು," ಎಂದಳು ವಿಜಯಾ.

"ನಮ್ಮ ತಾಟಿಗೆ ನಾವ?"

ನಾಲ್ಕು ಜನರ ಮುಂದೆ ಮಾಡಬಾರದ ಕೆಲಸವನ್ನು ಹೇಳಿದರೇನೋ ಎಂಬಂತೆ ನೀಲವ್ವ ದನಿ ತಗ್ಗಿಸಿದಳು.

"ಹೂಂ. ಸಕ್ರಿ ಬ್ಯಾನಿ ಗುಳಿಗಿ ನುಂಗೀಯಲ್ಲ, ಲಗೂನ ಉಣ್ಣು. ಹ್ವಾದ ಸಲದಂಗ ಚಕ್ಕರ್ ಬಂದು ಬಿದ್ದಗಿದ್ದೀ." ಅಷ್ಟರಲ್ಲಿ ಸಣ್ಣ ಮಗು ಜಾಮೂನಿನ ಕಡೆ ಓಡಿತು. ವಿಜಯಾ ಅದರ ಹಿಂದೆ ಹೋದಳು.

ನೀಲವ್ವ ತನ್ನ ತಾಟನ್ನು ಹಿಂದಿನ ಮೇಜಿನ ಅಂಚಿಗೆ ಇಟ್ಟು ನನ್ನನ್ನು ಎತ್ತಿಕೊಂಡಳು. ಮೊದಲು ಗಂಡನಿಗೆ. ಗುರುಶಾಂತಪ್ಪ ಮನೆಯಲ್ಲಿ ಒಡ್ಡುವ ಹಾಗೆಯೇ, ಎತ್ತಲೋ ನೋಡುತ್ತ ತಾಟು ಒಡ್ಡಿದ. ಆಮೇಲೆ ಅಳಿಯನಿಗೆ, ಮೊಮ್ಮಕ್ಕಳಿಗೆ. ಅವರ ಹಿಂದೆ ನಿಂತಿದ್ದ ಅಪರಿಚಿತನೂ ತಾಟು ಚಾಚಿದ. ಅವನಿಗೂ ಬಡಿಸಿದಳು. ಅವನ ಹಿಂದೆ ಇನ್ನೊಬ್ಬಳು. ಸಾಲು ತಾನಾಗಿ ನೀಲವ್ವನ ಮುಂದೆ ಬೆಳೆಯಿತು.

ಕೈ ಪಳಗಿದ್ದು ಎಂದು ನನಗೆ ತಕ್ಷಣ ತಿಳಿಯಿತು. ಹೋಳು, ರಸ ಎರಡೂ ಎಲ್ಲರಿಗೂ ಸಮನಾಗಿ ಬೀಳುತ್ತಿದ್ದವು. ಜನ ಅವಳನ್ನು ಹೋಟೆಲಿನವಳೇ ಎಂದುಕೊಂಡರು.

"ಅಕ್ಕಾರ, ಅನ್ನ ಖಾಲಿ ಆಗೇತ್ರಿ."

"ತರ್ತಾರ ನಿಲ್ಲಪಾ, ಗಾಡಿ ಹೊಂಟೈತೇನು?"

"ಆಂಟಿ, ಸಾಂಬಾರ್ ತುಂಬ ಖಾರನಾ?" ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು.

"ನಾ ಇನ್ನಾ ಉಂಡಿಲ್ಲ ತಂಗಿ. ವಾಸನಿಗೆ ಹದಾ ಐತಿ."

ಮೇಲ್ವಿಚಾರಕ ಫಕೀರಪ್ಪ ಬಂದ. "ಯಾರ್ರೀ ಅಮ್ಮಾರ ನೀವು? ಸವಟು ಇಡ್ರಿ. ಬೇಕಾದವರು ಹಾಕ್ಕೋತಾರ."

"ಇಷ್ಟ ಮಂದಿ ನಿಂತಾರಲ್ಲೋ ತಮ್ಮಾ. ನಿಮ್ಮ ಬಡಸೋರು ಎಲ್ಲಿ ಸತ್ತಾರ?"

ಫಕೀರಪ್ಪ ನಕ್ಕು ಅನ್ನ ತರಿಸಲು ಹೋದ. ಸಾಲು ಎಂದಿಗಿಂತ ಬೇಗ ಸಾಗುತ್ತಿತ್ತು.

ಪ್ರತಿ ತಾಟು ದಾಟಿದ ಮೇಲೆ ನೀಲವ್ವ ಒಮ್ಮೆ ಹಿಂದಿರುಗಿ ತನ್ನ ಖಾಲಿ ತಾಟನ್ನು ನೋಡುತ್ತಿದ್ದಳು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ಮೊದಲು ಉಂಡವರು ಯಾರಾದರೂ ಬಂದು, "ಕೊಡ್ರಿ ಸವಟು, ಇನ್ನ ನೀವು ಕುಂದರ್ರಿ" ಎನ್ನಬೇಕಿತ್ತು. ಉಂಡವರು ಕೈತೊಳೆದು ಜಾರುಬಂಡೆಯ ಕಡೆ ಹೋದರು. ವಿಜಯಾ ದೂರದಿಂದ ತಾಯಿಯ ಕೈಯಲ್ಲಿ ನನ್ನನ್ನು ಕಂಡು, ಎರಡನೆಯ ಸಲ ಹಾಕಿಕೊಳ್ಳುತ್ತಿದ್ದಾಳೆ ಎಂದುಕೊಂಡು, ನೆಮ್ಮದಿಯಿಂದ ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆದಳು.

ಊಟದ ಹೊತ್ತು ಮುಗಿಯಿತು ಎಂದು ಧ್ವನಿವರ್ಧಕ ಹೇಳಿತು. ಪಲ್ಯ ಒಳಗೆ ಹೋಯಿತು, ಅನ್ನವೂ ಹೋಯಿತು. ನನ್ನ ಹಿಡಿಯ ಮೇಲೆ ಬೆವರು ಬಂತು. ಒದ್ದೆ ಕೈಗಳು ನನಗೆ ಹೊಸವಲ್ಲ. ಆದರೆ ಈ ತೇವ ತಣ್ಣಗಿತ್ತು. ಕೈ ನಡುಗಿ, ನಾನು ಪಾತ್ರೆಯ ಅಂಚಿಗೆ ಬಡಿದು ಸಣ್ಣಗೆ ಸದ್ದು ಮಾಡತೊಡಗಿದೆ. ಸೌಟು ಮಾಡಬಹುದಾದ ಕೆಲಸ ಅಷ್ಟೇ. ಆ ಗದ್ದಲದಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.

ಆಗ ಗುರುಶಾಂತಪ್ಪ ಮತ್ತೆ ತಾಟು ಹಿಡಿದು ಬಂದ. "ಇನ್ನೊಂದೀಟು ಸಾರು ಹಾಕು."

ನೀಲವ್ವ ನನ್ನನ್ನು ಪಾತ್ರೆಗೆ ಇಳಿಸಿದಳು. ಎತ್ತಲು ಆಗಲಿಲ್ಲ. ಕಾಲು ಸೋತು ಮುಂದಕ್ಕೆ ವಾಲಿ, ತನ್ನ ಭಾರವನ್ನೆಲ್ಲ ನನ್ನ ಮೇಲೆ ಹಾಕಿದಳು. ಮನುಷ್ಯರನ್ನು ಹೊರಲು ನನ್ನನ್ನು ಮಾಡಿರಲಿಲ್ಲ. ತಳಕ್ಕೆ ಒತ್ತಿಕೊಂಡು ಆದಷ್ಟು ಹೊತ್ತು ನಿಂತೆ. ನನ್ನ ಕತ್ತು ಬಾಗಿತು. ಅಷ್ಟರಲ್ಲಿ ಗುರುಶಾಂತಪ್ಪ ಅವಳ ರಟ್ಟೆ ಹಿಡಿದಿದ್ದ.

"ಯಾಕ? ಏನಾತು?" ಅವನ ಕಣ್ಣು ಹಿಂದಿನ ಮೇಜಿನ ಮೇಲಿದ್ದ ತಾಟಿಗೆ ಹೋಯಿತು. ಒಂದು ಅಗುಳೂ ಸೋಕದ ತಾಟು. "ನೀ ಉಂಡಿಲ್ಲಾ?"

"ಯಾರರ ಬಡಿಸಿದ್ರ..." ಎಂದಳು ನೀಲವ್ವ. ಅದರಲ್ಲಿ ದೂರು ಇರಲಿಲ್ಲ. ಅವನಿಗೆ ಗೊತ್ತಿರಲಾರದ ಒಂದು ಪದ್ಧತಿಯನ್ನು ತಿಳಿಸಿದಂತಿತ್ತು.

ಅವನು ಕಾಲಿನಿಂದ ಕುರ್ಚಿ ಎಳೆದು ಅವಳನ್ನು ಕೂರಿಸಿದ. ತನ್ನ ತಾಟನ್ನು ಕೆಳಗಿಟ್ಟ. ಫಕೀರಪ್ಪ ಸಾಂಬಾರಿನ ಪಾತ್ರೆಯನ್ನೂ ಒಳಗೆ ಒಯ್ಯಲು ಬಂದಿದ್ದ. "ಬಂದ್ ಆತ್ರಿ ಯಜಮಾನ್ರ."

"ತಡಿಯೋ ಮಾರಾಯಾ, ಇನ್ನೊಂದು ತಾಟು ಐತಿ! ಇಕಿ ಸಕ್ರಿ ಗುಳಿಗಿ ನುಂಗ್ಯಾಳ."

ಫಕೀರಪ್ಪ ನೀಲವ್ವನ ಮುಖ ನೋಡಿ ಓಡಿದ. ಒಂದು ಕೈಯಲ್ಲಿ ಜಾಮೂನಿನ ಬಟ್ಟಲು, ಇನ್ನೊಂದರಲ್ಲಿ ಅನ್ನ ತಂದ. "ಮೊದ್ಲ ಇದನ್ನ ತಿನಸ್ರಿ."

ಜಾಮೂನಿನ ಪಾಕ ಒಳಗೆ ಇಳಿದ ಸ್ವಲ್ಪ ಹೊತ್ತಿಗೆ ಅವಳ ನೋಟ ತಿಳಿಯಾಯಿತು. ಗುರುಶಾಂತಪ್ಪ ನನ್ನನ್ನು ಎತ್ತಿಕೊಂಡ, ಕೊಡಲಿ ಹಿಡಿದ ಹಾಗೆ. ಆ ಅಂಗೈಯಲ್ಲಿ ಗಂಟುಗಳಿದ್ದವು, ಆದರೆ ಸೌಟು ಹಿಡಿದು ಆದವಲ್ಲ. ಅವನು ಬಗ್ಗಿದಾಗ ನನ್ನ ಬಟ್ಟಲಲ್ಲಿ ಅವನ ಮುಖ ಕಂಡಿತು. ತಲೆಕೆಳಗಾಗಿ ನೋಡಿದರೂ ಭಯ ಭಯದಂತೆಯೇ ಕಾಣುತ್ತದೆ. ಅರ್ಧ ಸಾಂಬಾರು ಅನ್ನಕ್ಕೆ ಬಿತ್ತು, ಅರ್ಧ ಅವನ ಧೋತರಕ್ಕೆ.

"ಸಾಕ್ರಿ," ಎಂದು ನೀಲವ್ವ ಅಂಗೈ ಅಡ್ಡ ಹಿಡಿದಳು.

ಅವನು ಆ ಕೈಯನ್ನು ಸರಿಸಿ ಇನ್ನೊಂದು ಸೌಟು ಸುರಿದ.

"ಸಾಕಂದ್ರ ಸಾಕ್ರೀ! ಅನ್ನ ತೇಲಾಕತ್ತೈತಿ."

"ಸುಮ್ನ ಉಣ್ಣು. ನಾ ಸಾಕು ಅಂದಾಗ ನೀ ಒಂದ್ ದಿನಾರ ಕೇಳೀಯೇನು?"

ನೀಲವ್ವ ಬಾಯಲ್ಲಿ ತುತ್ತು ಇಟ್ಟುಕೊಂಡೇ ನಕ್ಕಳು, ನೆತ್ತಿಗೆ ಹತ್ತಿತು. ಫಕೀರಪ್ಪ ನೀರು ತರಲು ಮತ್ತೆ ಓಡಿದ. ಗುರುಶಾಂತಪ್ಪ ನನ್ನನ್ನು ಕೆಳಗಿಡದೆ, ಅವಳು ಉಂಡು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದ.

ಆಮೇಲೆ ನಾನು ಪಾತ್ರೆಯ ಅಂಚಿಗೆ ಸರಿಯಾಗಿ ಕೂರದಾದೆ. ಫಕೀರಪ್ಪ ಮಂಡಿಗೆ ಒತ್ತಿ ನೇರ ಮಾಡಲು ನೋಡಿ, ಆಗದೆ, ಹಿಂದಿನ ಅಡುಗೆಮನೆಗೆ ಎಸೆದ. ಅಲ್ಲಿ ಕೆಲಸದವರಿಗೆ ಅಡುಗೆ ಮಾಡುವ ರೇಣವ್ವ ನನ್ನನ್ನು ಅವರ ಸಾರಿನ ಬೋಗುಣಿಗೆ ಹಾಕಿದಳು. ಈಗ ಅದೇ ನನ್ನ ಮನೆ. ಗಾಜಿನ ಗೋಡೆ ಇಲ್ಲ, ಕಿರುಚಾಟ ದೂರದಿಂದ ಕೇಳುತ್ತದೆ. ಮೈತುಂಬ ಗೀರುಗಳು. ನನ್ನ ಬಟ್ಟಲಲ್ಲಿ ಈಗ ಯಾರ ಮುಖವೂ ಸ್ಪಷ್ಟವಾಗಿ ಕಾಣುವುದಿಲ್ಲ.

ಕತ್ತು ಹೊರಗೆ ವಾಲಿದ ಸೌಟಿನಿಂದ ತನ್ನ ತಾಟಿಗೆ ತಾನೇ ಹಾಕಿಕೊಳ್ಳುವುದು ಕಷ್ಟ. ಸಾರು ನೆಲಕ್ಕೆ ಚೆಲ್ಲುತ್ತದೆ. ಎದುರಿಗೆ ನಿಂತವರಿಗೆ ಹಾಕುವುದು ಸುಲಭ. ಮೊದಮೊದಲು ಕೆಲಸದವರು ನನ್ನನ್ನು ಬೈಯುತ್ತಿದ್ದರು. ಈಗ ಒಬ್ಬರು ತಾಟು ಹಿಡಿದರೆ ಇನ್ನೊಬ್ಬರು ನನ್ನನ್ನು ಹಿಡಿಯುತ್ತಾರೆ. ಕೊನೆಗೆ ರೇಣವ್ವ ತಾಟು ತೆಗೆದುಕೊಂಡಾಗ, ಉಂಡು ಎದ್ದವರು ಯಾರಾದರೂ, ಹೆಚ್ಚಾಗಿ ಫಕೀರಪ್ಪ, ಕೈ ಒರೆಸಿಕೊಂಡು ಬೋಗುಣಿಯ ಹತ್ತಿರ ಬರುತ್ತಾರೆ.